ಕಿಟ್ ಕೊಟ್ಟರೆ ಸಾಲದು, ಅದನ್ನು ಇಡಲು ತಂಪು ಜಾಗವೂ ಬೇಕು

ನೀರು ಪರೀಕ್ಷೆ ಕಿಟ್ ವಿತರಣೆಯ ಫೋಟೊ ನೀವೆಲ್ಲ ನೋಡಿರುತ್ತೀರಿ. ಪಂಚಾಯ್ತಿ ಮುಂದೆ ನಾಲ್ಕೈದು ಮಂದಿ ಮಹಿಳೆಯರು, ನಡುವೆ ಅಧ್ಯಕ್ಷರು, ಪಕ್ಕದಲ್ಲಿ ಅಧಿಕಾರಿ, ಎಲ್ಲರ ಕೈಯೂ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ. ಅಂಥ ಫೋಟೊಗಳನ್ನು ನಾವೂ ಹಾಕಿದ್ದೇವೆ. 'ಇನ್ನು ಊರಲ್ಲೇ ನೀರಿನ ಪರೀಕ್ಷೆ' ಎಂದು ತಲೆಬರಹವನ್ನೂ ಕೊಟ್ಟಿದ್ದೇವೆ. ಆ ಪೆಟ್ಟಿಗೆ ಆಮೇಲೆ ಎಲ್ಲಿ ಹೋಯಿತು, ಯಾರು ಎಲ್ಲಿಟ್ಟರು, ಒಳಗಿನ ಬಾಟಲಿಯ ಮೇಲೆ ಯಾವ ತಾರೀಖು ಇತ್ತು ಎಂದು ಮಾತ್ರ ಕೇಳಲಿಲ್ಲ. ಇದು ನಮ್ಮ ತಪ್ಪು. ಈ ಬರಹಕ್ಕೆ ಅದೇ ಕಾರಣ.

ಹೋದ ಬೇಸಿಗೆಯಲ್ಲಿ ನಮ್ಮ ತಾಲೂಕಿನ ಒಂದು ಊರಿಗೆ ಹೋಗಿದ್ದೆವು. ಊರಿನ ಹೆಸರು ಬೇಡ, ಯಾಕೆಂದರೆ ಹೆಸರು ಹಾಕಿದರೆ ಅದೊಂದೇ ಊರಿನ ಕಥೆ ಎಂದು ಉಳಿದವರು ಸುಮ್ಮನಾಗುತ್ತಾರೆ. ಕಿಟ್ ಎಲ್ಲಿದೆ ಎಂದು ಕೇಳಿದಾಗ ಒಬ್ಬ ಅಕ್ಕ ತಗಡಿನ ಕೋಣೆಯೊಳಗೆ ಕರೆದುಕೊಂಡು ಹೋದರು. ಕಬ್ಬಿಣದ ಬೀರುವಿನ ತಲೆಯ ಮೇಲೆ, ತಗಡಿಗೆ ಎರಡು ಗೇಣು ಕೆಳಗೆ ಆ ಪೆಟ್ಟಿಗೆ ಇತ್ತು. ಕೈ ಹಚ್ಚಿದರೆ ಸುಡುತ್ತಿತ್ತು. ಅಕ್ಕ ಹೇಳಿದರು: "ಕಿಟ್ ಐತ್ರಿ, ಆದ್ರ ಒಳಗಿನ ಔಷಧದ ಬಣ್ಣ ಬದಲಾಗೇತಿ. ಚೆಲ್ಲಬೇಕೋ ಬ್ಯಾಡೋ ಯಾರೂ ಹೇಳಿಲ್ಲ."

ಆ ಅಕ್ಕನಿಗೆ ಪರೀಕ್ಷೆ ಮಾಡಲು ಬರುತ್ತಿತ್ತು. ಎಷ್ಟು ಹನಿ ಹಾಕಬೇಕು, ಎಷ್ಟು ನಿಮಿಷ ಕಾಯಬೇಕು ಎಂಬುದೆಲ್ಲ ಬಾಯಿಪಾಠ. ತರಬೇತಿಯಲ್ಲಿ ಹೇಳದೆ ಬಿಟ್ಟಿದ್ದು ಒಂದೇ: ಈ ಪೆಟ್ಟಿಗೆಯನ್ನು ಎಲ್ಲಿಡಬೇಕು, ಯಾವಾಗ ಎಸೆಯಬೇಕು.

ನಮ್ಮ ಮಾತು ಇಷ್ಟೇ. ಕೆಟ್ಟ ಔಷಧದಿಂದ ಮಾಡಿದ ಪರೀಕ್ಷೆಗಿಂತ ಪರೀಕ್ಷೆ ಮಾಡದಿರುವುದೇ ವಾಸಿ. ಪರೀಕ್ಷೆ ಮಾಡದಿದ್ದಾಗ ಮನಸ್ಸಿನಲ್ಲಿ ಅನುಮಾನವಾದರೂ ಇರುತ್ತದೆ. ಸುಳ್ಳು ಪರೀಕ್ಷೆ ಆ ಅನುಮಾನವನ್ನೂ ಕಳೆದುಬಿಡುತ್ತದೆ.

ನೀರಿನ ನಡುವೆ ಇದ್ದೂ ನೀರಿನ ಭಯ

ನೀರಮಾನ್ವಿ ಎಂಬ ಹೆಸರಿನಲ್ಲೇ ನೀರು ಇದೆ. ನಮ್ಮ ಜಿಲ್ಲೆಯೂ ಹಾಗೇ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಮಾನ್ವಿ, ಸಿಂಧನೂರು ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ. ಆದರೂ ಕುಡಿಯುವ ನೀರಿನ ವಿಷಯದಲ್ಲಿ ನಾವು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ನಮ್ಮ ಬೋರ್‌ವೆಲ್‌ಗಳು ಕಲ್ಲಿನ ಪದರದಿಂದ ನೀರು ತರುತ್ತವೆ. ಆ ಕಲ್ಲಿನಿಂದಲೇ ಫ್ಲೋರೈಡ್ ನೀರಿಗೆ ಸೇರುತ್ತದೆ. ರಾಯಚೂರು ಫ್ಲೋರೈಡ್ ಬಾಧಿತ ಜಿಲ್ಲೆಗಳಲ್ಲಿ ಒಂದು. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಇರುವ ಶಿಲಾಪಟ್ಟಿಯ ಕಡೆ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಕೂಡ ಕಂಡುಬಂದಿದೆ. ಇವೆರಡಕ್ಕೂ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ನಾಲಿಗೆಗೆ ಇವು ತಿಳಿಯುವುದಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು.

ಇನ್ನು ಸೋಂಕಿನ ನೀರು. 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು, ಅನೇಕರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಮರುವರ್ಷ, 2023ರ ಮೇನಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಿಂದ ಅಂಥದೇ ಸುದ್ದಿ ಬಂತು. ಎರಡೂ ನಡೆದದ್ದು ಬಿರುಬೇಸಿಗೆಯ ಹೊತ್ತಿನಲ್ಲಿ ಎಂಬುದನ್ನು ನೆನಪಿಡಿ. ನೀರು ಕೆಡುವ ಕಾಲವೂ ಪರೀಕ್ಷೆಯ ಔಷಧ ಕೆಡುವ ಕಾಲವೂ ನಮ್ಮಲ್ಲಿ ಒಂದೇ.

ಕೇಂದ್ರದ ಜಲ ಜೀವನ್ ಮಿಷನ್ ಶುರುವಾದದ್ದು 2019ರ ಆಗಸ್ಟ್ 15ರಂದು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂದು ಕರೆದರು. ಊರಿಗೆ ಐದು ಮಂದಿ ಮಹಿಳೆಯರಿಗೆ ತರಬೇತಿ ಕೊಟ್ಟು, ಕಿಟ್ ಕೊಟ್ಟು, ಅವರೇ ತಮ್ಮ ನೀರನ್ನು ಪರೀಕ್ಷಿಸಬೇಕು ಎಂಬುದು ಅದರಲ್ಲಿ ನಮಗೆ ಬಹಳ ಇಷ್ಟವಾದ ಅಂಶ. ನೀರು ತರುವವರೂ ಅವರೇ, ಮಕ್ಕಳಿಗೆ ಕುಡಿಸುವವರೂ ಅವರೇ. ತೀರ್ಪು ಅವರ ಕೈಯಲ್ಲಿ ಇರುವುದು ಸರಿಯಾದದ್ದೇ. ಅದಕ್ಕೇ ಅವರ ಕೈಗೆ ಕೊಡುವ ಸಾಮಾನು ಸರಿ ಇರಬೇಕು ಎಂದು ನಾವು ಹಟ ಹಿಡಿಯುತ್ತಿರುವುದು.

ಕೆಟ್ಟ ಔಷಧ ಯಾವ ಕಡೆಗೆ ಸುಳ್ಳು ಹೇಳುತ್ತದೆ?

ಪೆಟ್ಟಿಗೆಯೊಳಗಿನ ಬಾಟಲಿಗಳೆಲ್ಲ ಒಂದೇ ಥರ ಕೆಡುವುದಿಲ್ಲ. ಒಂದು ಔಷಧ ಕೆಟ್ಟರೆ ಒಳ್ಳೆ ನೀರನ್ನು ಕೆಟ್ಟದ್ದು ಎನ್ನುತ್ತದೆ, ಇನ್ನೊಂದು ಕೆಟ್ಟ ನೀರನ್ನು ಒಳ್ಳೆಯದು ಎನ್ನುತ್ತದೆ. ಯಾವುದು ಯಾವ ಕಡೆಗೆ ಸುಳ್ಳು ಹೇಳುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಅಪಾಯ ತಪ್ಪಿದಂತೆ.

ಮೊದಲು ಸೋಂಕು ತೋರಿಸುವ ಬಾಟಲಿ. ನೀರು ತುಂಬಿಸಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದಲ್ಲ, ಅದು. ಈ ಸರಳ ಪರೀಕ್ಷೆ ನಮ್ಮ ದೇಶದಲ್ಲೇ ಹುಟ್ಟಿದ್ದು. ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ಪ್ರಕಟಿಸಿದರು. ಬಾಟಲಿಯೊಳಗೆ ರೋಗಾಣುಗಳಿಗೆ ಊಟವೂ ಇದೆ, ಕಬ್ಬಿಣದ ಲವಣವೂ ಇದೆ. ಮಲದ ಸಂಪರ್ಕ ಇರುವ ನೀರಿನಲ್ಲಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ, ಅದು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ತೇವ ತಾಕಿ, ಬಿಸಿಲು ಬಡಿದು ಒಳಗಿನ ಪುಡಿ ಕೆಟ್ಟಿದ್ದರೆ ಕೊಳಕು ನೀರು ಹಾಕಿದರೂ ಕಪ್ಪಾಗದೆ ಉಳಿಯಬಹುದು. ಆಗ ಊರು 'ನಮ್ಮ ನೀರು ಚಲೋ ಐತಿ' ಎಂದು ನಂಬುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯದ ಸುಳ್ಳು ಇದು.

ಎರಡನೆಯದು ಕ್ಲೋರಿನ್ ಪರೀಕ್ಷೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೆಲವು ಕಿಟ್‌ಗಳಲ್ಲಿ ಬಣ್ಣ ಹಳದಿ, ಕೆಲವು ಕಿಟ್‌ಗಳಲ್ಲಿ ಗುಲಾಬಿ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಗುಳಿಗೆಗೆ ತೇವ ಎಂದರೆ ಶತ್ರು. ಅದಕ್ಕೇ ಅದು ತಗಡಿನ ಕಾಗದದಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಒಂದು ಸಲ ಹರಿದಿಟ್ಟು ನಾಳೆ ಬಳಸುತ್ತೇನೆಂದರೆ ನಡೆಯದು. ಗುಳಿಗೆ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಬೇಕು. ಕೆಟ್ಟ ಗುಳಿಗೆ ಸರಿಯಾಗಿ ಬಣ್ಣ ಕೊಡುವುದಿಲ್ಲ, ಕ್ಲೋರಿನ್ ಕಡಿಮೆ ಇದೆ ಎನ್ನುತ್ತದೆ. ನೀರುಗಂಟಿ ಇನ್ನಷ್ಟು ಪುಡಿ ಸುರಿಯುತ್ತಾನೆ. ನೀರು ಘಾಟು ಹೊಡೆಯುತ್ತದೆ, ಜನ ನಲ್ಲಿ ನೀರು ಬಿಟ್ಟು ಹಳೇ ಬೋರ್‌ವೆಲ್‌ಗೆ ಹೋಗುತ್ತಾರೆ. ಅಲ್ಲಿ ಫ್ಲೋರೈಡ್ ಕಾದಿರುತ್ತದೆ.

ಇಲ್ಲೇ ಇನ್ನೊಂದು ಮಾತು. ಬ್ಲೀಚಿಂಗ್ ಪುಡಿಯೂ ಕೆಡುತ್ತದೆ. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 30ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲದಲ್ಲಿ, ಪಂಪ್‌ಹೌಸಿನ ಬಿಸಿ ಮತ್ತು ತೇವದಲ್ಲಿ ಬಿದ್ದ ಪುಡಿಯ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಅಳತೆ ಪ್ರಕಾರ ಹಾಕಿದರೂ ಕೆಲಸ ಮಾಡುವುದಿಲ್ಲ. ಹಾಕುವ ಪುಡಿಯೂ ಹಳತು, ಅಳೆಯುವ ಗುಳಿಗೆಯೂ ಹಳತು ಎಂದರೆ ಆ ಊರಿನ ನೀರಿಗೆ ಕಾವಲೇ ಇಲ್ಲ.

ಮೂರನೆಯದು ಫ್ಲೋರೈಡ್. ನಮ್ಮ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು ಅಥವಾ ಗುಲಾಬಿ ಬಣ್ಣದ ಔಷಧ ಇರುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ಹೋಗಿ ಹಳದಿ ಬರುತ್ತದೆ. ಔಷಧದ ಬಣ್ಣವೇ ಬಿಸಿಲಿಗೆ ಮಾಸಿದ್ದರೆ ಇಲ್ಲದ ಫ್ಲೋರೈಡನ್ನೂ ಇದೆ ಎಂದು ತೋರಿಸಬಹುದು. ಬಣ್ಣ ಹೋಲಿಸುವ ಕಾರ್ಡ್ ಕೂಡ ಕಾಗದವೇ. ಕಿಟಕಿಯ ಬಿಸಿಲಲ್ಲಿ ಬಿದ್ದರೆ ಅದೂ ಮಾಸುತ್ತದೆ, ಆಗ ಲೆಕ್ಕ ಯಾವ ಕಡೆಗೆ ಬೇಕಾದರೂ ತಪ್ಪಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಒಂದಕ್ಕೂ ಒಂದೂವರೆಗೂ ನಡುವೆ ಬಣ್ಣದಲ್ಲಿ ಇರುವ ವ್ಯತ್ಯಾಸ ಬಹಳ ಸಣ್ಣದು. ಮಾಸಿದ ಕಾರ್ಡ್ ಹಿಡಿದು ಆ ವ್ಯತ್ಯಾಸ ಹೇಳಲು ಆಗುವುದಿಲ್ಲ. ಮಕ್ಕಳ ಹಲ್ಲಿನ ಕಲೆ, ದೊಡ್ಡವರ ಮೊಣಕಾಲು ಮತ್ತು ಬೆನ್ನಿನ ಗತಿ ಆ ಸಣ್ಣ ವ್ಯತ್ಯಾಸದ ಮೇಲೆ ನಿಂತಿದೆ.

ಆರ್ಸೆನಿಕ್ ವಿಷಯಕ್ಕೆ ಬಂದರೆ, ಸಾಮಾನ್ಯ ಕಿಟ್‌ನಲ್ಲಿ ಅದರ ಪರೀಕ್ಷೆಯೇ ಇಲ್ಲದಿರಬಹುದು. ಅದಕ್ಕೆ ಬೇರೆ ಕಿಟ್ ಇದೆ, ಅದರ ಕಾಗದದ ಪಟ್ಟಿಗೆ ಬೆಳಕೂ ತೇವವೂ ಆಗದು. ಅನುಮಾನ ಇರುವ ಊರಿನವರು ಮಾದರಿಯನ್ನು ಪ್ರಯೋಗಾಲಯಕ್ಕೇ ಕಳಿಸಬೇಕು ಎಂಬುದು ನಮ್ಮ ಸಲಹೆ.

ಹೊಲದ ಮಣ್ಣಿಗೂ ಇದೇ ನ್ಯಾಯ

ನೀರಿನಲ್ಲಿ ತಪ್ಪಾದರೆ ಆರೋಗ್ಯ ಹೋಗುತ್ತದೆ, ಮಣ್ಣಿನಲ್ಲಿ ತಪ್ಪಾದರೆ ದುಡ್ಡು ಹೋಗುತ್ತದೆ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾದದ್ದು 2015ರ ಫೆಬ್ರುವರಿ 19ರಂದು. ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ಬೋರಾನ್‌ವರೆಗೆ, ಜೊತೆಗೆ ಪಿಎಚ್, ಲವಣಾಂಶ, ಸಾವಯವ ಇಂಗಾಲ ಸೇರಿ 12 ಅಂಶಗಳು ಅದರಲ್ಲಿ ಬರುತ್ತವೆ. ಅದಕ್ಕೂ ಮೊದಲೇ, 2009ರಲ್ಲಿ, ನಮ್ಮ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ನಡೆಸಿತ್ತು. ಹೊಲಗಳ ಮಣ್ಣು ಪರೀಕ್ಷೆಯಿಂದ ಸತು, ಬೋರಾನ್, ಗಂಧಕದ ಕೊರತೆ ಬಯಲಾದದ್ದು ಅದರ ದೊಡ್ಡ ಕೊಡುಗೆ. ಮಣ್ಣು ಪರೀಕ್ಷೆ ಎಂದರೆ ಬರೀ ಕಾಗದ ಎಂದು ನಾವು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಅದು ರೈತನ ಕೈ ಹಿಡಿಯುತ್ತದೆ.

ಆದರೆ ಮಾದರಿ ಕೆಡುವುದು ಮೊದಲು ನಮ್ಮ ಕೈಯಲ್ಲೇ. ಹೊಲದಿಂದ ಮಣ್ಣು ತಂದು ಖಾಲಿ ಯೂರಿಯಾ ಚೀಲದಲ್ಲಿ ಕಟ್ಟಿಡುವುದು ನಮ್ಮಲ್ಲಿ ಮಾಮೂಲು. ಆ ಚೀಲದ ಮೂಲೆಯಲ್ಲಿ ಉಳಿದ ನಾಲ್ಕು ಕಾಳು ಯೂರಿಯಾ ಸಾಕು, ನಿಮ್ಮ ಹೊಲದಲ್ಲಿ ಸಾರಜನಕ ತುಂಬಿ ತುಳುಕುತ್ತಿದೆ ಎಂದು ವರದಿ ಬರುತ್ತದೆ. ಸತುವಿನ ಲೇಪ ಇರುವ ತಗಡಿನ ಬಕೆಟ್‌ನಲ್ಲಿ ಮಣ್ಣು ಕಲೆಸಿದರೆ ಸತುವಿನ ಲೆಕ್ಕ ತಪ್ಪುತ್ತದೆ. ಹಸಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರಗಟ್ಟಲೆ ಇಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ಸಾರಜನಕದ ರೂಪವನ್ನೇ ಬದಲಿಸುತ್ತವೆ. ಬಿಸಿಲಲ್ಲಿ ಹುರಿಯುವುದೂ ಸರಿಯಲ್ಲ. ನೆರಳಲ್ಲಿ, ಶುದ್ಧ ಕಾಗದ ಅಥವಾ ಬಟ್ಟೆಯ ಮೇಲೆ ಹರವಿ ಒಣಗಿಸಿ, ಹೊಸ ಬಟ್ಟೆ ಚೀಲದಲ್ಲಿ ಅರ್ಧ ಕಿಲೋ ಹಾಕಿ, ಪೆನ್ಸಿಲ್‌ನಲ್ಲಿ ಚೀಟಿ ಬರೆದು ಒಳಗಿಡಬೇಕು.

ಆಮೇಲೆ ಪರೀಕ್ಷೆ ಮಾಡುವವರ ಸರದಿ. ನಮ್ಮ ಎರೆ ಭೂಮಿ ಹೆಚ್ಚಾಗಿ ಕ್ಷಾರದ ಕಡೆಗೇ ವಾಲುತ್ತದೆ. ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಸವಳು-ಜವಳಿನ ತೊಂದರೆ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ನಮ್ಮಲ್ಲಿ ಪಿಎಚ್ ಲೆಕ್ಕಕ್ಕೆ ಬೆಲೆ ಹೆಚ್ಚು. ಪಿಎಚ್ ಮೀಟರನ್ನು ಸರಿಹೊಂದಿಸಲು 4, 7 ಮತ್ತು 9.2ರ ಬಫರ್ ದ್ರಾವಣಗಳಿರುತ್ತವೆ. ಅವುಗಳಲ್ಲಿ ಬೇಗ ಕೆಡುವುದು 9.2ರದ್ದೇ. ಬಾಟಲಿ ಬಾಯಿ ತೆರೆದಿದ್ದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 9ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಮೀಟರ್ ಮಾತ್ರ ಅದನ್ನೇ 9.2 ಎಂದು ನಂಬುತ್ತದೆ. ಆಗ ನಿಮ್ಮ ಮಣ್ಣು ಇದ್ದದ್ದಕ್ಕಿಂತ ಹೆಚ್ಚು ಕ್ಷಾರ ಎಂದು ಬರುತ್ತದೆ. ಬೇಡದ ಜಿಪ್ಸಂ ತರಲು ನೀವು ಟ್ರ್ಯಾಕ್ಟರ್ ಹೂಡುತ್ತೀರಿ.

ರಂಜಕದ ಪರೀಕ್ಷೆಯಲ್ಲಿ ನೀಲಿ ಬಣ್ಣ ಬರಬೇಕು. ಆ ನೀಲಿ ಬರಿಸಲು ಬಳಸುವ ಆಸ್ಕಾರ್ಬಿಕ್ ಆಮ್ಲದ ದ್ರಾವಣವನ್ನು ಆಯಾ ದಿನವೇ ಹೊಸದಾಗಿ ಮಾಡಿಕೊಳ್ಳಬೇಕು. ಸ್ಟ್ಯಾನಸ್ ಕ್ಲೋರೈಡ್ ಬಳಸಿದರೆ ಅದೂ ಗಾಳಿಗೆ ಬೇಗ ಕೆಡುತ್ತದೆ. ಹಳೇ ದ್ರಾವಣದಲ್ಲಿ ನೀಲಿ ತೆಳುವಾಗುತ್ತದೆ, ರಂಜಕ ಕಡಿಮೆ ಎಂದು ವರದಿ ಬರುತ್ತದೆ. ಡಿಎಪಿ ಚೀಲಕ್ಕೆ 1350 ರೂಪಾಯಿ. ಎಕರೆಗೆ ಒಂದು ಚೀಲ ಹೆಚ್ಚಿಗೆ ಹಾಕಿದರೆ ಐದು ಎಕರೆಯವನಿಗೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಆ ದುಡ್ಡು ಹೋದದ್ದು ಬಾಟಲಿಯ ಮುಚ್ಚಳ ಸರಿಯಾಗಿ ಹಾಕದ್ದಕ್ಕೆ.

ಲಸಿಕೆಗೆ ಇರುವ ಮರ್ಯಾದೆ ಇದಕ್ಕೂ ಬೇಕು

ಇದೆಲ್ಲ ನಮ್ಮ ಊರಿಗೆ ಆಗದ ಕೆಲಸ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. ಮಕ್ಕಳ ಲಸಿಕೆ. 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದ ಲಸಿಕೆ, 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲೂ ನೀಲಿ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೊತೆ ಅಂಗನವಾಡಿಗೆ ಬರುತ್ತದೆ. ಅನೇಕ ಲಸಿಕೆ ಬಾಟಲಿಗಳ ಮೇಲೆ ಬಿಸಿ ತಾಗಿದರೆ ಬಣ್ಣ ಬದಲಾಗುವ ಸಣ್ಣ ಗುರುತು ಇರುತ್ತದೆ. ಅದನ್ನು ನೋಡಿಯೇ ನರ್ಸಮ್ಮ ಸೂಜಿ ಹಾಕುತ್ತಾರೆ. ಅಂದರೆ ಈ ಶಿಸ್ತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೀಜೋಪಚಾರದ ಜೈವಿಕ ಗೊಬ್ಬರದ ಪ್ಯಾಕೆಟ್ ಬಿಸಿಲಲ್ಲಿಟ್ಟರೆ ಸತ್ತುಹೋಗುತ್ತದೆ ಎಂದು ತೊಗರಿ ಬೆಳೆಯುವ ರೈತನಿಗೂ ಗೊತ್ತು.

ಕಿಟ್‌ನ ಔಷಧಕ್ಕೆ ಲಸಿಕೆಯಷ್ಟು ತಂಪು ಬೇಕಿಲ್ಲ. ಬಹಳಷ್ಟಕ್ಕೆ ಸಾಧಾರಣ ತಂಪು, ಕತ್ತಲು, ಒಣ ಜಾಗ ಇದ್ದರೆ ಸಾಕು. ಲೇಬಲ್ ಮೇಲೆ ಬರೆದಿರುತ್ತದೆ. ನಾವು ಹೇಳುವ ಕೆಲಸಗಳು ಇವು, ಒಂದಕ್ಕೂ ದೊಡ್ಡ ಖರ್ಚಿಲ್ಲ.

ಒಂದು, ತಾರೀಖು ಬರೆಯಿರಿ. ಲೇಬಲ್ ಮೇಲಿನ ಮುಗಿಯುವ ತಾರೀಖು ಮುಚ್ಚಿದ ಬಾಟಲಿಗೆ. ತೆರೆದ ಮೇಲೆ ಅದರ ಆಯುಸ್ಸು ಕಡಿಮೆ. ತೆರೆದ ದಿನವನ್ನು ಮಾರ್ಕರ್ ಪೆನ್ನಿನಲ್ಲಿ ಬಾಟಲಿ ಮೇಲೇ ಬರೆದಿಡಿ.

ಎರಡು, ಜಾಗ ಬದಲಿಸಿ. ತಗಡಿನ ಕೆಳಗೆ ಬೇಡ, ಬೀರುವಿನ ಮೇಲೆ ಬೇಡ, ಬೈಕಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಕಲ್ಲು ಅಥವಾ ಮಣ್ಣಿನ ಗೋಡೆಯ ಕೋಣೆಯಲ್ಲಿ, ನೆಲದ ಹತ್ತಿರ, ಬಿಸಿಲು ಬೀಳದ ಮೂಲೆಯಲ್ಲಿ ಇಡಿ. ಬೀಗ ಹಾಕಿ. ಇವುಗಳಲ್ಲಿ ಆಮ್ಲವೂ ಇದೆ, ವಿಷವೂ ಇದೆ. ಅಡುಗೆ ಮನೆಯಲ್ಲಾಗಲಿ, ಊಟದ ಸಾಮಾನಿರುವ ಫ್ರಿಜ್‌ನಲ್ಲಾಗಲಿ ಇಡಬಾರದು.

ಮೂರು, ಬೇಸಿಗೆಗೆ ಗಡಿಗೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಹಸಿ ಮರಳು, ಮೇಲೆ ಒದ್ದೆ ಗೋಣಿ. 1990ರ ದಶಕದಲ್ಲಿ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ತರಕಾರಿ ಕಾಪಾಡಲು ಇದನ್ನೇ ಹಳ್ಳಿಹಳ್ಳಿಗೆ ಹಂಚಿದ್ದರು. ನಮ್ಮ ಒಣ ಬೇಸಿಗೆಯಲ್ಲೂ ಇದು ಚೆನ್ನಾಗಿ ತಂಪು ಕೊಡುತ್ತದೆ, ಮಳೆಗಾಲದಲ್ಲಿ ಅಷ್ಟು ಕೊಡುವುದಿಲ್ಲ. ಆದರೆ ಎಚ್ಚರ: ಒಳಗೆ ತೇವ ಇರುತ್ತದೆ. ಬಾಟಲಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಔಷಧ ಅಂಗಡಿಯ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಮುಚ್ಚಿಯೇ ಗಡಿಗೆಯಲ್ಲಿಡಿ.

ನಾಲ್ಕು, ಔಷಧವನ್ನೇ ಪರೀಕ್ಷಿಸಿ. ತಿಂಗಳಿಗೊಮ್ಮೆ ಫ್ಲೋರೈಡ್ ಔಷಧವನ್ನು ಡಿಸ್ಟಿಲ್ಡ್ ನೀರಿಗೆ ಹಾಕಿ ನೋಡಿ. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಔಷಧ ಕೆಟ್ಟಿದೆ. ಪ್ರಯೋಗಾಲಯದಲ್ಲಿ ಲೆಕ್ಕ ಗೊತ್ತಾದ ಬೋರ್‌ವೆಲ್‌ನ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ 'ಸಾಕ್ಷಿ ನೀರು' ಎಂದು ಬರೆದಿಟ್ಟುಕೊಳ್ಳಿ, ಗಾಜಿನ ಬಾಟಲಿ ಬೇಡ. ಕಿಟ್ ಆ ಲೆಕ್ಕದ ಹತ್ತಿರ ಬರುತ್ತದೋ ಇಲ್ಲವೋ ನೋಡಿ. ಒಂದು ತಿಂಗಳಾದ ಮೇಲೆ ಸಾಕ್ಷಿ ನೀರನ್ನೂ ಬದಲಿಸಿ. ಸೋಂಕಿನ ಬಾಟಲಿಗೆ ಇನ್ನೂ ಸುಲಭ: ಒಂದರಲ್ಲಿ ಕುದಿಸಿ ಆರಿಸಿದ ನೀರು, ಇನ್ನೊಂದರಲ್ಲಿ ಚರಂಡಿ ನೀರು ಹಾಕಿಡಿ. ಚರಂಡಿ ನೀರಿನದು ಕಪ್ಪಾಗದಿದ್ದರೆ ಆ ಪೆಟ್ಟಿಗೆಯ ಬಾಟಲಿಗಳನ್ನು ನಂಬಬೇಡಿ. ಕುದಿಸಿದ ನೀರಿನದೇ ಕಪ್ಪಾದರೂ ನಂಬಬೇಡಿ. ಕಪ್ಪಾದ ಬಾಟಲಿ ರೋಗದ ಗೂಡು, ಬ್ಲೀಚಿಂಗ್ ಪುಡಿ ಹಾಕಿ ಒಂದಿಷ್ಟು ಹೊತ್ತು ಬಿಟ್ಟು ಮನೆ, ನೀರಿನ ಮೂಲಗಳಿಂದ ದೂರ ಗುಂಡಿ ತೋಡಿ ಮುಚ್ಚಬೇಕು.

ಐದು, ಕೆಲವು ಪರೀಕ್ಷೆಗೆ ನೀರನ್ನು ಇಡಲೇಬಾರದು. ಕ್ಲೋರಿನ್ ಪರೀಕ್ಷೆ ನಲ್ಲಿಯ ಹತ್ತಿರವೇ, ಆಗಲೇ ಮಾಡಬೇಕು. ಮನೆಗೆ ಒಯ್ದು ಸಂಜೆ ಮಾಡಿದರೆ ಕ್ಲೋರಿನ್ ಹಾರಿಹೋಗಿರುತ್ತದೆ. ಆಗಷ್ಟೇ ಪುಡಿ ಸುರಿದ ಟ್ಯಾಂಕಿನಿಂದಲೂ ಮಾಡಬೇಡಿ. ಕ್ಲೋರಿನ್ ಅತಿಯಾದರೆ ಡಿಪಿಡಿಯ ಗುಲಾಬಿ ಬಣ್ಣವೇ ಅಳಿಸಿಹೋಗಿ ಸೊನ್ನೆ ಎಂದು ತೋರುತ್ತದೆ. ಸೋಂಕಿನ ಪರೀಕ್ಷೆಗೆ ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ಯುವ ನೀರು ಅವರೇ ಕೊಟ್ಟ ಶುದ್ಧ ಬಾಟಲಿಯಲ್ಲಿ, ಐಸ್ ಡಬ್ಬಿಯಲ್ಲಿ, 24 ಗಂಟೆಯೊಳಗೆ ಮುಟ್ಟಬೇಕು. ಬಸ್ಸಿನ ಟಾಪ್ ಮೇಲೆ ಹೋದ ಬಾಟಲಿಯ ವರದಿಗೆ ಬೆಲೆ ಇಲ್ಲ.

ಸರ್ಕಾರದ ಪಾಲು

ಇಷ್ಟು ಹೇಳಿದ ಮೇಲೆ ಎಲ್ಲವನ್ನೂ ಆ ಐದು ಮಹಿಳೆಯರ ತಲೆಯ ಮೇಲೆ ಹಾಕುವುದು ಅನ್ಯಾಯ. ಅವರಲ್ಲಿ ಹಲವರು ಆಶಾ, ಅಂಗನವಾಡಿ, ಸ್ವಸಹಾಯ ಸಂಘದ ಕೆಲಸದ ನಡುವೆ ಇದನ್ನೂ ಮಾಡುತ್ತಿದ್ದಾರೆ. ತಗಡಿನ ಕೋಣೆ ಬಿಟ್ಟು ಬೇರೆ ಜಾಗ ಕೊಡದವರು ಔಷಧ ಕೆಡಿಸಿದಿರಿ ಎಂದು ಅವರನ್ನು ಕೇಳುವ ಹಾಗಿಲ್ಲ.

ಜಲ ಜೀವನ್ ಮಿಷನ್ ಮಾರ್ಗಸೂಚಿಯಲ್ಲಿ ನೀರಿನ ಗುಣಮಟ್ಟದ ಕೆಲಸಕ್ಕೆ ಅನುದಾನದ ಶೇ 2ರವರೆಗೆ ಬಳಸಲು ಅವಕಾಶ ಇದೆ. ಆ ದುಡ್ಡು ಬರೀ ಹೊಸ ಪೆಟ್ಟಿಗೆ ಖರೀದಿಗೆ ಹೋದರೆ ಪ್ರಯೋಜನವಿಲ್ಲ. ನಮ್ಮ ಬೇಡಿಕೆ ನಾಲ್ಕು. ಪೆಟ್ಟಿಗೆ ಪೂರ್ತಿ ಬದಲಿಸುವ ಬದಲು ಮುಗಿದ ಬಾಟಲಿಯನ್ನಷ್ಟೇ ತುಂಬಿಕೊಡುವ ವ್ಯವಸ್ಥೆ ಬೇಕು. ಕಿಟ್‌ಗಳನ್ನು ಮಾರ್ಚ್‌ನಲ್ಲಿ ಲೆಕ್ಕ ಮುಗಿಸಲು ಒಟ್ಟಿಗೆ ಸುರಿಯುವ ಬದಲು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಹಂಚಬೇಕು. ಸೋಂಕಿನ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಬೇಕು ಎಂಬ ನಿಯಮವೂ ಇದಕ್ಕೆ ಹೊಂದುತ್ತದೆ. ಪ್ರತಿ ವರದಿಯಲ್ಲಿ ಫಲಿತಾಂಶದ ಪಕ್ಕ ಔಷಧದ ಮುಗಿಯುವ ತಾರೀಖು ಬರೆಯುವ ಒಂದು ಕಲಂ ಇರಬೇಕು. ಹತ್ತರಲ್ಲಿ ಒಂದು ಮಾದರಿಯಾದರೂ ಕಿಟ್ ಮತ್ತು ಪ್ರಯೋಗಾಲಯ ಎರಡರಲ್ಲೂ ನೋಡಿ ತಾಳೆ ಹಾಕಬೇಕು.

'ಕಿಟ್ ಬರೀ ಅಂದಾಜಿಗೆ, ನಿಜವಾದ ಪರೀಕ್ಷೆ ಲ್ಯಾಬಿನಲ್ಲೇ ಆಗುತ್ತದಲ್ಲ' ಎಂದು ಒಬ್ಬ ಹಿರಿಯರು ನಮಗೆ ಹೇಳಿದರು. ಮಾತು ಅರ್ಧ ಸರಿ. ಕಿಟ್ ಕೆಟ್ಟದ್ದೆಂದ ನೀರನ್ನು ಲ್ಯಾಬಿಗೆ ಕಳಿಸುತ್ತೇವೆ, ಅಲ್ಲಿ ಸತ್ಯ ಗೊತ್ತಾಗುತ್ತದೆ. ಆದರೆ ಕಿಟ್ ಒಳ್ಳೆಯದೆಂದ ನೀರನ್ನು ಯಾರೂ ಲ್ಯಾಬಿಗೆ ಒಯ್ಯುವುದಿಲ್ಲ, ಮನೆಗೆ ಒಯ್ಯುತ್ತಾರೆ. ಕೆಟ್ಟ ಔಷಧದ ಸುಳ್ಳು ಅಲ್ಲೇ ಉಳಿದುಬಿಡುತ್ತದೆ.

ಇನ್ನೊಂದು ಮಾತು ಬರುತ್ತದೆ: 'ಇರೋದನ್ನೂ ಎಸೀರಿ ಅಂದ್ರ ಕೈಯಾಗ ಏನೂ ಉಳಿಯಂಗಿಲ್ಲ.' ಈ ಕಷ್ಟ ನಮಗೂ ಅರ್ಥವಾಗುತ್ತದೆ. ಆದರೆ ತಾರೀಖು ಮುಗಿದ ಬಾಟಲಿ ಇದ್ದರೆ ದಾಖಲೆಯಲ್ಲಿ ಕಿಟ್ ಇದೆ ಎಂದೇ ಇರುತ್ತದೆ, ಹೊಸದು ಬರುವುದಿಲ್ಲ. ಅವಧಿ ಮುಗಿದಿದೆ ಎಂದು ಬರೆದು ಸಹಿ ಮಾಡಿ ವಾಪಸ್ ಕೊಟ್ಟರೆ ಮಾತ್ರ ಹೊಸದನ್ನು ಕೇಳಲು ಬಾಯಿ ಬರುತ್ತದೆ. ಚರಂಡಿಗೋ ಹೊಲಕ್ಕೋ ಚೆಲ್ಲಬೇಡಿ, ಪಂಚಾಯ್ತಿ ಮೂಲಕ ವಾಪಸ್ ಕಳಿಸಿ.

ಓದುವ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಊರಿನ ಕಿಟ್ ಯಾರ ಹತ್ತಿರ ಇದೆ ಎಂದು ಈ ವಾರ ವಿಚಾರಿಸಿ. ಹೋಗಿ ಪೆಟ್ಟಿಗೆ ತೆರೆಸಿ ನೋಡಿ. ಪ್ರತಿ ಬಾಟಲಿಯ ಮೇಲಿನ ತಾರೀಖು ಬರೆದುಕೊಳ್ಳಿ. ಮುಂದಿನ ಗ್ರಾಮ ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿ, ಸಭೆಯ ನಡಾವಳಿಯಲ್ಲಿ ಬರೆಸಿ. ಹೊಲದ ಮಣ್ಣಿನ ಕಾರ್ಡ್ ಬಂದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷೆ ಎಂದು, ಎಲ್ಲಿ ಮಾಡಿದರು ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಜಗಳವಲ್ಲ.

ನಾವೂ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ಕಿಟ್ ವಿತರಣೆಯ ಫೋಟೊ ಹಾಕಿದರೆ, ಅದರ ಕೆಳಗೆ ಬಾಟಲಿಯ ಮುಗಿಯುವ ತಾರೀಖನ್ನೂ ಹಾಕುತ್ತೇವೆ. ಆರು ತಿಂಗಳ ಮೇಲೆ ಅದೇ ಊರಿಗೆ ಮತ್ತೆ ಹೋಗಿ ಪೆಟ್ಟಿಗೆ ಎಲ್ಲಿದೆ ಎಂದು ನೋಡಿ ಬರೆಯುತ್ತೇವೆ. ತಗಡಿನ ಕೋಣೆಯ ಆ ಅಕ್ಕನಿಗೂ ಇದನ್ನೇ ಹೇಳಿ ಬಂದಿದ್ದೇವೆ. ಅವರು ಆ ದಿನವೇ ಪೆಟ್ಟಿಗೆಯನ್ನು ಬೀರುವಿನಿಂದ ಇಳಿಸಿ ತಮ್ಮ ಮನೆಯ ಒಳಕೋಣೆಯ ಮೂಲೆಗೆ ಒಯ್ದರು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದರು. ಹೊಸ ಔಷಧ ಇನ್ನೂ ಬಂದಿಲ್ಲ.